ವಿಯೆಲಿಚ್ಕಾ ಉಳಿಯಿತು, ಕೆ.ಜಿ.ಎಫ್. ಏಕೆ ಉಳಿಯಲಿಲ್ಲ?

ಬಂಗಾರಪೇಟೆಯ ಓದುಗ:
ಪೋಲೆಂಡಿನ ಕ್ರಾಕೋವ್ ನಗರಕ್ಕೆ ಹತ್ತಿರದ ವಿಯೆಲಿಚ್ಕಾ ಎಂಬ ಉಪ್ಪಿನ ಗಣಿಯ ಪಟ್ಟಣದ ಬಗ್ಗೆ ಕೆಲವು ದಿನಗಳಿಂದ ಓದುತ್ತಿದ್ದೇನೆ. 1290ರಲ್ಲೇ ಪಟ್ಟಣದ ಹಕ್ಕು ಪಡೆದ ಆ ಊರಿನಲ್ಲಿ ವಾಣಿಜ್ಯ ಗಣಿಗಾರಿಕೆ ನಿಂತದ್ದು 1996ರಲ್ಲಿ, ನಮ್ಮ ಕೆ.ಜಿ.ಎಫ್. ಗಣಿಗಳು ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಅಲ್ಲಿ ಜನ ಇಂದಿಗೂ ಟಿಕೆಟ್ ಕೊಂಡು ಕೆಳಗಿಳಿಯುತ್ತಾರೆ, ಇಲ್ಲಿ ನಮ್ಮ ತಂದೆಯವರು ಮೂವತ್ತು ವರ್ಷ ಇಳಿದ ಶಾಫ್ಟಿನೊಳಗೆ ನೀರು ತುಂಬಿದೆ. ಸರ್ಕಾರದ ಉಪೇಕ್ಷೆ ಎಂಬ ಸಿದ್ಧ ಉತ್ತರವನ್ನು ಬದಿಗಿಟ್ಟು, ತಿಳಿದವರು ಕಾರಣ ವಿವರಿಸಬೇಕೆಂದು ಕೋರುತ್ತೇನೆ.

ಮಾಲೂರಿನವರು:
ಕೆಲಸದ ಮೇಲೆ ಕ್ರಾಕೋವ್‌ನಲ್ಲಿದ್ದಾಗ ನಾನು ಅಲ್ಲಿಗೆ ಹೋಗಿದ್ದೆ. ತಲೆ ಸುತ್ತುವಷ್ಟು ಮರದ ಮೆಟ್ಟಿಲುಗಳನ್ನು ಇಳಿದ ಮೇಲೆ 64 ಮೀಟರ್ ಆಳದಲ್ಲಿ ಮೊದಲ ಹಂತ ಸಿಗುತ್ತದೆ. ಗೋಡೆಯನ್ನು ನೆಕ್ಕಿ ನೋಡಿ ಎಂದು ಮಾರ್ಗದರ್ಶಕರೇ ಹೇಳುತ್ತಾರೆ, ನಾನೂ ನಾಚದೆ ನೆಕ್ಕಿದೆ. ಸುಮಾರು 101 ಮೀಟರ್ ಆಳದಲ್ಲಿ ಸಂತ ಕಿಂಗಾಳ ಪ್ರಾರ್ಥನಾಲಯವಿದ್ದು, ಅದರ ನೆಲ, ಪೀಠ, ಗೋಡೆಯ ಉಬ್ಬುಶಿಲ್ಪಗಳನ್ನೆಲ್ಲ 1896ರಿಂದ ಹಲವು ದಶಕಗಳ ಕಾಲ ಉಪ್ಪಿನಲ್ಲೇ ಕೆತ್ತಿದವರು ಹೊರಗಿನ ಶಿಲ್ಪಿಗಳಲ್ಲ, ಅದೇ ಗಣಿಯ ಕಾರ್ಮಿಕರು. ತೂಗುದೀಪಗಳ ಹರಳುಗಳೂ ಉಪ್ಪಿನವೇ. ಡಿಸೆಂಬರ್ 4ರಂದು, ಗಣಿಗಾರರ ರಕ್ಷಕಿ ಸಂತ ಬಾರ್ಬರಾಳ ಹಬ್ಬಕ್ಕೆ, ಅವರು ಕಪ್ಪು ಸಮವಸ್ತ್ರ ಧರಿಸಿ, ಗರಿಯ ಟೋಪಿ ಇಟ್ಟುಕೊಂಡು ಸೇರುತ್ತಾರೆ.

ಮಾರಿಕುಪ್ಪಂ ಲೈನಿನ ಹಳಬ:
ಪ್ರಶ್ನೆ ಕೇಳಿದವರು ಎರಡು ಗಣಿಗಳನ್ನು ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದಾರೆ ಎಂಬುದೇ ನನ್ನ ಆಕ್ಷೇಪ. ವಿಯೆಲಿಚ್ಕಾದ ಅತಿ ಆಳವಾದ ಭಾಗ 327 ಮೀಟರ್. ನಮ್ಮ ಕೆ.ಜಿ.ಎಫ್.ನ ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರ್ ದಾಟಿತ್ತು, ತಳದ ಬಂಡೆ ಕೈಯಿಟ್ಟರೆ ಸುಡುತ್ತಿತ್ತು, ನಾವು ಏರ್ ಬ್ಲಾಸ್ಟ್ ಎನ್ನುತ್ತಿದ್ದ ಬಂಡೆಯ ಸಿಡಿತಕ್ಕೆ ಮೇಲಿನ ಕಾರ್ಮಿಕರ ಲೈನ್ ಮನೆಗಳ ಪಾತ್ರೆಗಳೂ ಅಲುಗುತ್ತಿದ್ದವು. ಅಂಥ ಕಡೆ ಪ್ರವಾಸಿಗರನ್ನು ಇಳಿಸುವವರು ಯಾರು? ಇನ್ನೊಂದು ಮಾತು: ವಿಯೆಲಿಚ್ಕಾದಲ್ಲಿ ಗಣಿಯ ಕೆಲಸ ಪೂರ್ತಿ ನಿಂತಿಲ್ಲ. ನೀರು ನುಗ್ಗಿದರೆ ಉಪ್ಪು ಕರಗುತ್ತದೆ, ಉಪ್ಪು ಕರಗಿದರೆ ಮೇಲಿನ ಊರೇ ಕುಸಿಯುತ್ತದೆ. 1992ರಲ್ಲಿ ನೀರು ನುಗ್ಗಿದಾಗ ಈ ಭಯ ನಿಜವಾಗುವುದರಲ್ಲಿತ್ತು. ಆದ್ದರಿಂದ ನೀರನ್ನು ಮೇಲೆತ್ತಿ, ಹಳೆಯ ಸುರಂಗಗಳನ್ನು ಭದ್ರಪಡಿಸುವ ಕೆಲಸದಲ್ಲಿ ಗಣಿಗಾರರು ಈಗಲೂ ಇದ್ದಾರೆ, ಆ ಉಪ್ಪುನೀರನ್ನು ಬತ್ತಿಸಿ ಉಪ್ಪನ್ನೂ ತೆಗೆಯುತ್ತಾರೆ. ಅಗೆಯುವುದು ಹೋಯಿತು, ಕಾಯುವುದು ಉಳಿಯಿತು.

ಮಾಲೂರಿನವರು:
ಒಪ್ಪುತ್ತೇನೆ, ಆದರೆ ಒಂದನ್ನು ಸೇರಿಸಬೇಕು. ಜರ್ಮನ್ ಕವಿ ಗೋಯೆಥೆ ಆ ಗಣಿಯನ್ನು ನೋಡಲು ಬಂದದ್ದು 1790ರಲ್ಲಿ, ಯುನೆಸ್ಕೋ ಪಟ್ಟಿಗೆ ಅದು ಸೇರಿದ್ದು 1978ರಲ್ಲಿ, ಅಂದರೆ ಗಣಿಗಾರಿಕೆ ನಿಲ್ಲುವುದಕ್ಕೆ ಹದಿನೆಂಟು ವರ್ಷ ಮೊದಲು. ಉತ್ಪಾದನೆ ನಿಲ್ಲುವ ಹೊತ್ತಿಗೆ ಊರಿಗೆ ಎರಡನೆಯ ಕಸುಬು ಕೈಗೆ ಬಂದಿತ್ತು. ನಮ್ಮಲ್ಲಿ ಆ ಯೋಚನೆ ಶುರುವಾದದ್ದೇ ಬೀಗ ಬಿದ್ದ ಮೇಲೆ.

ಬಂಗಾರಪೇಟೆಯ ಓದುಗ:
ಇಬ್ಬರಿಗೂ ವಂದನೆಗಳು. ಆಳದ ವ್ಯತ್ಯಾಸ ನನಗೆ ಹೊಳೆದೇ ಇರಲಿಲ್ಲ. ತಂದೆಯವರಿಗೆ ಪ್ರಾರ್ಥನಾಲಯದ ಚಿತ್ರ ತೋರಿಸಿದೆ, ಅವರು ಕೆತ್ತನೆಯನ್ನು ಬಿಟ್ಟು ಚಾವಣಿಯನ್ನೇ ಬಹಳ ಹೊತ್ತು ನೋಡಿ, "ಆಧಾರಕ್ಕೆ ಮರ ಎಲ್ಲಿ ಕೊಟ್ಟಿದ್ದಾರೆ?" ಎಂದು ಕೇಳಿದರು.