ಪದಚರ್ಚೆ: ಕಂಬಳದ ‘ಜೋಡುಕರೆ’ಯ ‘ಕರೆ’ ಯಾವ ಕರೆ?

ಪುತ್ತೂರಿನ ಗೆಳೆಯರೊಬ್ಬರು ಕಂಬಳದ ಆಮಂತ್ರಣ ಕಳಿಸಿದ್ದರು. ‘ಕೋಟಿ-ಚೆನ್ನಯ ಜೋಡುಕರೆ ಕಂಬಳ’ ಅಂತ ದೊಡ್ಡಕ್ಷರದಲ್ಲಿತ್ತು. ಅದನ್ನು ಓದಿದ ನನ್ನ ಸೋದರಳಿಯ, ‘ಯಾರಿಗೆ ಮಾವ, ಎರಡೆರಡು ಕರೆ?’ ಅಂದ. ಹುಡುಗನ ತಪ್ಪಲ್ಲ. ಘಟ್ಟದ ಮೇಲಿನವರಿಗೆ ಕರೆ ಅಂದರೆ ಫೋನು, ಇಲ್ಲವೇ ಬಂದ್ ಕರೆ. ಹಾಲು ಕರೆಯುವುದೂ ಉಂಟು, ಬಟ್ಟೆಗೆ ಹತ್ತುವ ಕರೆಯೂ ಉಂಟು. ಈ ಕೊನೆಯ ಎರಡನ್ನು ಹಿಂದೆ ‘ಕಱೆ’ ಎಂದು ಬರೆಯುತ್ತಿದ್ದರು. ಆ ಱ ಹೋದ ಮೇಲೆ ಎಲ್ಲವೂ ಒಂದೇ ಆಗಿಬಿಟ್ಟವು.

ಕಂಬಳದ ಕರೆ ಇವು ಯಾವುದೂ ಅಲ್ಲ. ಕೋಣಗಳು ಓಡುವ ಕೆಸರಿನ ಓಣಿಗೆ ಅಲ್ಲಿ ಕರೆ ಅನ್ನುತ್ತಾರೆ. ಅಕ್ಕಪಕ್ಕ ಎರಡಿದ್ದರೆ ಜೋಡುಕರೆ. ದಡ, ಅಂಚು ಎಂಬ ಅರ್ಥದ ಹಳೆಯ ‘ಕರೆ’ಯೇ ಇದು ಅಂತ ನನಗನ್ನಿಸುತ್ತದೆ. ತಮಿಳಿನಲ್ಲಿ ಹೊಳೆಯ ದಡಕ್ಕೂ ಪಂಚೆಯ ಅಂಚಿಗೂ ಇವತ್ತಿಗೂ ‘ಕರೈ’ ಅಂತಲೇ ಹೇಳುತ್ತಾರೆ. ಗದ್ದೆಯ ಅಂಚಿನ ಹೆಸರು ಅಂಚಿನೊಳಗಿನ ಓಣಿಗೆ ಅಂಟಿಕೊಂಡಿರಬೇಕು.

ಇನ್ನೂ ಸ್ವಾರಸ್ಯ ಇರುವುದು ಕರೆಗಳ ಹೆಸರಿನಲ್ಲಿ. ಬೇರೆ ಕ್ರೀಡಾಂಗಣಕ್ಕೆ ಒಂದು ಹೆಸರಾದರೆ ಸಾಕು. ಇಲ್ಲಿ ಎರಡು ಬೇಕು, ಒಂದು ಕರೆಗೆ ಒಂದು. ಈ ಜೋಡಿ ಕೋಟಿ ಕರೆಯಲ್ಲಿ, ಆ ಜೋಡಿ ಚೆನ್ನಯ ಕರೆಯಲ್ಲಿ ಅಂತ ಮೈಕಿನಲ್ಲಿ ಕೂಗುತ್ತಾರೆ. ಹಾಗಾಗಿ ಜೋಡಿ ಹೆಸರಿಗೆ ಊರಿನವರು ತಮ್ಮ ಪಾಡ್ದನಗಳನ್ನೇ, ಅಂದರೆ ತುಳುವಿನ ಜನಪದ ಕಥನಗೀತೆಗಳನ್ನೇ, ತಡಕಿದ್ದಾರೆ. ದೇಯಿ ಬೈದ್ಯೆತಿಯ ಅವಳಿ ಮಕ್ಕಳಾದ ಕೋಟಿ-ಚೆನ್ನಯರು ಬೆಳೆದ ಪಡುಮಲೆ ಇರುವುದು ಪುತ್ತೂರು ತಾಲೂಕಿನಲ್ಲೇ. ಕಿನ್ನಿಗೋಳಿ ಹತ್ತಿರದ ಐಕಳದ್ದು ಕಾಂತಾಬಾರೆ-ಬೂದಾಬಾರೆ ಜೋಡುಕರೆ. ಅವರೂ ಅವಳಿ ವೀರರೇ, ಮೂಲ್ಕಿ ಸೀಮೆಯವರು. 2020ರಲ್ಲಿ ಕಂಬಳದ ಓಟಗಾರ ಶ್ರೀನಿವಾಸ ಗೌಡರು ಕೋಣಗಳೊಂದಿಗೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ಇದೇ ಐಕಳದಲ್ಲಿ. ಆಗ ಎಲ್ಲರೂ ಉಸೇನ್ ಬೋಲ್ಟ್ ಹೆಸರು ಹೇಳಿದ್ದೇ ಹೇಳಿದ್ದು, ಬಾರೆಯರ ಹೆಸರೆತ್ತಿದವರು ಕಡಿಮೆ.

ಮಂಗಳೂರಿನದು ರಾಮ-ಲಕ್ಷ್ಮಣ. ಕಟಪಾಡಿಯದು ಮಾತ್ರ ಸುಮ್ನೆ ‘ಮೂಡು-ಪಡು’, ಅಂದರೆ ಪೂರ್ವ-ಪಶ್ಚಿಮ. ಮೂಡಣ, ಪಡುವಣ ಅಂತ ನಾವೂ ಪದ್ಯದಲ್ಲಿ ಬರೆಯುತ್ತೇವೆ, ತುಳುವರು ದಿನಾ ಮಾತಿನಲ್ಲೇ ಬಳಸುತ್ತಾರೆ. ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದ ಹೆಸರು ಇದೇ. 2023ರ ನವೆಂಬರ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಂಬಳ ನಡೆದಾಗ ಕರೆಗಳಿಗೆ ‘ರಾಜ-ಮಹಾರಾಜ’ ಅಂತ ಹೆಸರಿಟ್ಟರು. ಅರಮನೆಯ ಜಾಗ, ಇನ್ನೇನಿಡುತ್ತಾರೆ!

ನನ್ನ ಪ್ರಶ್ನೆ ಇಷ್ಟೇ. ದಡ ಅಥವಾ ಅಂಚು ಎಂಬ ಅರ್ಥದಲ್ಲಿ ‘ಕರೆ’ ನಿಮ್ಮ ಕಡೆಯ ಮಾತಿನಲ್ಲಿ ಈಗಲೂ ಇದೆಯೇ? ಹೊಳೆಕರೆ, ಸೀರೆಕರೆ, ಯಾವುದಾದರೂ ಸರಿ. ನಿಘಂಟು ನೋಡಿ ಬೇಡ, ಮನೆಯ ಹಿರಿಯರನ್ನು ಕೇಳಿ ತಿಳಿಸಿ.