ಫ್ಲ್ಯಾಶ್ ಹಾಕಿದರೆ ಜೀರ್ಜಿಂಬೆ ಕಪ್ಪಾಗಿ ಬರುತ್ತಿದೆ, ಹಸಿರು ಎಲ್ಲಿ ಹೋಗುತ್ತೆ?

ಜಾಲಿತೋಪು (ಹಿರಿಯೂರು):
ಎಲ್ಲರಿಗೂ ನಮಸ್ಕಾರ. ನಮ್ಮ ಕಡೆ ಮಳೆ ಬಿದ್ದ ಮೇಲೆ ಜಾಲಿ ಗಿಡಗಳಲ್ಲಿ ಜೀರ್ಜಿಂಬೆ ಕಾಣಿಸಿಕೊಂಡಿವೆ. 100 ಎಂಎಂ ಮ್ಯಾಕ್ರೊ ಲೆನ್ಸ್, ಕ್ಯಾಮೆರಾ ಮೇಲೆ ಫ್ಲ್ಯಾಶ್. ಬರೀ ಫ್ಲ್ಯಾಶಿನಲ್ಲಿ ತೆಗೆದರೆ ಬೆನ್ನ ಮೇಲೆ ಒಂದು ಬಿಳಿ ಚುಕ್ಕೆ, ಉಳಿದದ್ದೆಲ್ಲ ಕತ್ತಲು. ಆ ಚುಕ್ಕೆ ಹೋಗಲಿ ಅಂತ ಫ್ಲ್ಯಾಶ್ ಮುಂದೆ ಪೋಲರೈಸಿಂಗ್ ಹಾಳೆ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವಂಥದ್ದು) ಅಂಟಿಸಿ, ಲೆನ್ಸಿಗೂ ಪೋಲರೈಸರ್ ಹಾಕಿ ಅಡ್ಡ ತಿರುಗಿಸಿದೆ. ಚುಕ್ಕೆ ಹೋಯಿತು, ಹಸಿರೂ ಹೋಯಿತು. ಎಲೆ ಮಾತ್ರ ಸರಿಯಾಗಿ ಹಸಿರೇ ಬಂದಿದೆ. ಸೆನ್ಸರಿನ ತೊಂದರೆಯಾ?

ಕೀಟಬೆಳಕು (ಮೈಸೂರು):
ಸೆನ್ಸರ್ ಚೆನ್ನಾಗಿದೆ ಸಾರ್. ಎಲೆ ಹಸಿರಾಗಿ ಬಂದು ಹುಳ ಮಾತ್ರ ಕಪ್ಪಾಯಿತು ಅಂದಿರಲ್ಲ, ಉತ್ತರ ಅಲ್ಲೇ ಇದೆ.

ಎಲೆಯಲ್ಲಿರುವುದು ಬಣ್ಣದ ವಸ್ತು, ಕ್ಲೋರೊಫಿಲ್. ಬೆಳಕು ಒಳಗೆ ಹೊಕ್ಕು ಚೆದುರಿ ಹೊರಬರುವಾಗ ಅದರ ಪೋಲರೈಸೇಶನ್, ಅಂದರೆ ಕಂಪನದ ದಿಕ್ಕು, ಕಲಸಿಹೋಗಿರುತ್ತೆ. ಹಾಗಾಗಿ ಅಡ್ಡ ಇಟ್ಟ ಎರಡನೇ ಫಿಲ್ಟರನ್ನೂ ದಾಟಿ ಬರುತ್ತೆ. ಜೀರ್ಜಿಂಬೆಯ ಮೈಯಲ್ಲಿ ಹಸಿರು ವಸ್ತುವೇ ಇಲ್ಲ. ಹೊರಕವಚದಲ್ಲಿ ಬೆಳಕಿನ ತರಂಗಕ್ಕಿಂತ ತೆಳುವಾದ ಪದರಗಳು ಒಂದರ ಮೇಲೊಂದು ಇವೆ. ಪ್ರತಿ ಪದರದಿಂದ ಹಿಂದಿರುಗಿದ ಅಲೆಗಳು ಸೇರಿ ಹಸಿರು ಬಲವಾಗುತ್ತೆ, ಉಳಿದದ್ದು ಒಳಗಿನ ಮೆಲನಿನ್ ಎಂಬ ಕಪ್ಪು ಬಣ್ಣದ ವಸ್ತುವಿನಲ್ಲಿ ಇಂಗುತ್ತೆ. ಹೀಗೆ ಬರುವ ಹಸಿರು ಕನ್ನಡಿಯ ಪ್ರತಿಫಲನದ ಜಾತಿ, ಪೋಲರೈಸೇಶನ್ ಕೆಡುವುದಿಲ್ಲ. ನಿಮ್ಮ ಲೆನ್ಸಿನ ಫಿಲ್ಟರ್ ಅದನ್ನು ತಡೆದಿದೆ, ಕೆಳಗಿನ ಮೆಲನಿನ್ ಮಾತ್ರ ಫೋಟೊಕ್ಕೆ ಸಿಕ್ಕಿದೆ. ಈ ಜಾತಿಯ ಹುಳಗಳಿಗೆ ಅಡ್ಡ ಪೋಲರೈಸರ್ ಬೇಡವೇ ಬೇಡ, ಎರಡನ್ನೂ ತೆಗೆದಿಡಿ.

ಬಿಳಿ ಚುಕ್ಕೆಗೂ ಇದೇ ಕಾರಣ. ಕನ್ನಡಿ ಎದುರಿಗಿದ್ದದ್ದನ್ನೇ ತೋರಿಸುತ್ತೆ. ಎದುರಿಗಿರುವುದು ಪುಟ್ಟ ಫ್ಲ್ಯಾಶ್ ಆದರೆ ಪುಟ್ಟ ಚುಕ್ಕೆ, ಬೆನ್ನಿನ ಉಳಿದ ಭಾಗಕ್ಕೆ ಸುತ್ತಲಿನ ಕತ್ತಲೆಯೇ ಕಾಣೋದು. ಮೋಡದ ದಿನ ಬರಿಗಣ್ಣಿಗೆ ಹುಳ ಅಷ್ಟು ಚೆನ್ನಾಗಿ ಕಾಣುವುದು ಇಡೀ ಆಕಾಶ ಬೆಳ್ಳಗಿರುವುದಕ್ಕೆ. ಫ್ಲ್ಯಾಶ್ ಹಾಕಲೇಬೇಕಿದ್ದರೆ ಹುಳದ ಬೆನ್ನಿನ ಸುತ್ತ ಅಂಥದೇ ಆಕಾಶ ಕಟ್ಟಿಕೊಡಿ. ಟ್ರೇಸಿಂಗ್ ಪೇಪರನ್ನು ಕಮಾನಿನ ಹಾಗೆ ಬಗ್ಗಿಸಿ ಹುಳಕ್ಕೆ ಆದಷ್ಟು ಹತ್ತಿರ ಹಿಡಿಯಿರಿ, ಫ್ಲ್ಯಾಶನ್ನು ಅದರಿಂದ ದೂರ ಸರಿಸಿ ಹಾಳೆ ಪೂರ್ತಿ ಬೆಳಗುವ ಹಾಗೆ ಮಾಡಿ. ಪಕ್ಕಗಳಿಗೆ ಥರ್ಮಾಕೋಲ್ ತುಂಡು. ಕೊಂಬೆಯ ಕೆಳಗೆ ಬಿಳಿ ಛತ್ರಿ ಮಗುಚಿ ಹಿಡಿದರಂತೂ ಹೊಟ್ಟೆಯ ಕಡೆಗೂ ಬೆಳಕು ಸಿಗುತ್ತೆ. ಈ ಹುಳಗಳು ಗಾಬರಿಯಾದರೆ ಕಾಲು ಮಡಚಿ ಬಿದ್ದುಬಿಡುತ್ತವೆ, ಛತ್ರಿಯಿದ್ದರೆ ಮುಳ್ಳಿನ ನಡುವೆ ಹುಡುಕುವ ಕಷ್ಟವೂ ಇಲ್ಲ.

ಒಂದು ಮಾತು ಕೇಳಬೇಕಿತ್ತು, ರೆಕ್ಕೆಕವಚ ಕಂದು, ಕುತ್ತಿಗೆ ಹಸಿರು ಇರುವ ಜಾತಿಯಾ? ಅದು ಸ್ಟೆರ್ನೊಸೆರಾ ಕ್ರೈಸಿಸ್. ಅದರ ಕಂದು ಕಂದಾಗಿಯೇ ಬರಬೇಕು, ಅದನ್ನು ತಿದ್ದಲು ಹೋಗಬೇಡಿ.

ಮ್ಯಾಕ್ರೊ ಅಕ್ಕ (ಧಾರವಾಡ):
ಮೇಲಿನ ಮಾತೆಲ್ಲ ಖರೆ. ಕ್ಯಾಮೆರಾದಾಗ ಇನ್ನೆರಡು ನೋಡ್ರಿ. ಹಿಸ್ಟೋಗ್ರಾಮ್ (ಫೋಟೊದಾಗ ಬೆಳಕು ಎಷ್ಟೆಷ್ಟು ಅದ ಅಂತ ತೋರಿಸೋ ನಕ್ಷೆ) ಕೆಂಪು, ಹಸಿರು, ನೀಲಿ ಬೇರೆ ಬೇರೆ ತೋರಿಸೋ ಹಂಗ ಇಟ್ಕೊಳ್ರಿ. ಒಟ್ಟು ಹಿಸ್ಟೋಗ್ರಾಮ್ ಸರಿ ಕಂಡರೂ ಹಸಿರು ಒಂದೇ ತುಂಬಿ ಹರಿದಿರ್ತದ, ಆಗ ಬೆನ್ನಿನ ಗುಳಿಗಳ ವಿವರ ಅಳಿಸಿ ಸಪಾಟ ಹಸಿರು ಬಳದಂಗ ಕಾಣ್ತದ. ಫ್ಲ್ಯಾಶ್ ಸ್ವಲ್ಪ ಇಳಿಸಿ, ರಾ ಫೈಲಿನ್ಯಾಗ (ಸೆನ್ಸರಿಗೆ ಸಿಕ್ಕದ್ದನ್ನ ಹಂಗ ಉಳಿಸೋ ಫೈಲು) ತೆಗೀರಿ. ವೈಟ್ ಬ್ಯಾಲೆನ್ಸ್ (ಬೆಳಕಿಗೆ ತಕ್ಕಂಗ ಬಣ್ಣ ಹೊಂದಿಸೋದು) ಆಟೋ ಬಿಡಬ್ಯಾಡ್ರಿ. ಫ್ರೇಮ್ ತುಂಬ ಹಸಿರು ಇದ್ದಾಗ ಕ್ಯಾಮೆರಾ ಅದನ್ನ ಕಡಿಮಿ ಮಾಡಾಕ ನೋಡ್ತದ. ಫ್ಲ್ಯಾಶ್ ಅಥವಾ ಡೇಲೈಟ್‌ಗೆ ಗಟ್ಟಿ ಮಾಡಿಬಿಡ್ರಿ.

ಜಾಲಿತೋಪು:
ಸಾರ್, ಮೇಡಂ, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನಮ್ಮದು ಪೂರ್ತಿ ಹಸಿರಿನದೇ. ಟ್ರೇಸಿಂಗ್ ಪೇಪರ್ ಕಮಾನು ಹಾಕಿದ ಮೇಲೆ ಬೆನ್ನಿನ ಗುಳಿ ಗುಳಿಯೂ ಕಾಣ್ತಿದೆ. ಆದರೆ ಅಂಚಿನ ಕಡೆ ಹಸಿರು ನೀಲಿಗೆ ತಿರುಗಿದೆ. ವೈಟ್ ಬ್ಯಾಲೆನ್ಸ್ ಡೇಲೈಟಲ್ಲೇ ಇದೆ.

ಕೀಟಬೆಳಕು:
ಆ ನೀಲಿ ನಿಜವಾದದ್ದು, ದಯವಿಟ್ಟು ಸಾಫ್ಟ್‌ವೇರಿನಲ್ಲಿ ಅಳಿಸಬೇಡಿ. ಬೆಳಕು ಓರೆಯಾಗಿ ಬಿದ್ದಷ್ಟೂ ಪದರಗಳಿಂದ ಹಿಂದಿರುಗುವ ಬಣ್ಣ ಕಿರಿಯ ತರಂಗದ ಕಡೆ, ಅಂದರೆ ಹಸಿರಿನಿಂದ ನೀಲಿಯ ಕಡೆ ಜರುಗುತ್ತೆ. ಬೆನ್ನು ಬಾಗಿರುವುದರಿಂದ ಒಂದೇ ಫೋಟೊದಲ್ಲಿ ಎರಡೂ ಸಿಗುತ್ತವೆ. ನನ್ನ ಮಟ್ಟಿಗೆ ಜೀರ್ಜಿಂಬೆ ಫೋಟೊದ ಜೀವ ಇರುವುದೇ ಈ ಜರುಗುವಿಕೆಯಲ್ಲಿ.

ಮಾವಿನತೋಟ (ಶ್ರೀನಿವಾಸಪುರ):
ನನ್ನದೂ ಒಂದು ಪ್ರಶ್ನೆ ಅಣ್ಣ. ಕಡಿದು ಹಾಕಿದ ಮಾವಿನ ದಿಮ್ಮಿಗಳ ಮೇಲೆ ಇದೇ ಕುಟುಂಬದ ಚಿಕ್ಕ ಹುಳ ಬರುತ್ತೆ, ಬಹುಶಃ ಬೆಲಿಯೊನೋಟಾ. ಅದು ಕೂರುವುದೇ ಸುಡುಬಿಸಿಲಲ್ಲಿ. ಡಿಫ್ಯೂಸರ್ (ಬೆಳಕು ಹರಡುವ ಹಾಳೆ) ಹತ್ತಿರ ತಂದರೆ ಹಾರಿಹೋಗುತ್ತೆ.

ಕೀಟಬೆಳಕು:
ಮರ ಕೊರೆಯುವ ಜಾತಿಗಳಲ್ಲಿ ಇದು ಸಹಜ ತಮ್ಮ. ಅವಕ್ಕೆ ಬಿಸಿಲು ಬೇಕು, ಮೊಟ್ಟೆಯಿಡಲು ಸಾಯುತ್ತಿರುವ ಅಥವಾ ಕಡಿದ ಮರ ಬೇಕು. ಹುಳ ಇಳಿಯುವ ಮುಂಚೆಯೇ ದಿಮ್ಮಿಯ ಒಂದು ತುದಿಗೆ ತೆಳು ಬಿಳಿ ಬಟ್ಟೆಯ ನೆರಳು ಕಟ್ಟಿ ಕಾದು ಕುಳಿತುಕೊಳ್ಳಿ. ದಿಮ್ಮಿಯುದ್ದಕ್ಕೂ ಓಡಾಡುವ ಹುಳ ತಾನಾಗಿಯೇ ಅಲ್ಲಿಗೆ ಬರಬಹುದು. ನಿಮ್ಮ ನೆರಳು ಮಾತ್ರ ದಿಮ್ಮಿಯ ಮೇಲೆ ಬೀಳದಿರಲಿ. ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ. ಪ್ರಾಯದ ಹುಳದ ಆಯುಸ್ಸೇ ಕೆಲವು ವಾರಗಳದ್ದು, ಅದರಲ್ಲಿ ನಾವು ಪಾಲು ಕೇಳುವುದು ನ್ಯಾಯವಲ್ಲ.

ಜಾಲಿತೋಪು:
ಗಿಡದ ಬುಡದಲ್ಲಿ ತಾವಾಗಿ ಸತ್ತು ಬಿದ್ದಿರೋದು ಸಿಗ್ತವೆ. ಅವನ್ನಿಟ್ಟು ಮನೆಯಲ್ಲಿ ಬೆಳಕು ಅಭ್ಯಾಸ ಮಾಡಿದರೆ ಬಣ್ಣ ಅದೇ ಇರುತ್ತಾ?

ಮ್ಯಾಕ್ರೊ ಅಕ್ಕ:
ಇರ್ತದ. ಜರ್ಮನಿಯ ಮೆಸೆಲ್‌ನಾಗ ಸಿಕ್ಕ ಸುಮಾರು 4.7 ಕೋಟಿ ವರ್ಷ ಹಳೇ ಪಳೆಯುಳಿಕೆ ದುಂಬಿಗಳಲ್ಲಿ ಇನ್ನೂ ಬಣ್ಣ ಅದ. 1888ರಾಗ ಲಂಡನ್ನಿನ ನಟಿ ಎಲೆನ್ ಟೆರ್ರಿ ಲೇಡಿ ಮ್ಯಾಕ್‌ಬೆತ್ ಪಾತ್ರಕ್ಕ ತೊಟ್ಟ ಉಡುಪಿನ ತುಂಬ ಇಂಥವೇ ರೆಕ್ಕೆಕವಚ ಹೊಲಿದಿದ್ರು, ಅವು ಇವತ್ತಿಗೂ ಹಸಿರೇ ಅವ. ಬಂಗಾರದ ಬಣ್ಣದ ಆಮೆದುಂಬಿ ಮಾತ್ರ ಹಂಗಲ್ಲ. ಅದರ ಪದರಗಳಿಗೆ ಮೈಯಾಗಿನ ತೇವ ಬೇಕು, ಸತ್ತ ಮ್ಯಾಲೆ ಮಂಕಾಗ್ತದ. ಬಿದ್ದ ಜೀರ್ಜಿಂಬೆ ಮಂಕಾಗಿ ಕಂಡರ ಅದು ಧೂಳು, ಇಲ್ಲಾ ಒಳಗಿನ ಜಿಡ್ಡು ಮ್ಯಾಲೆ ಬಂದಿರ್ತದ. ಧೂಳಿಗೆ ಮೆತ್ತನ ಕುಂಚ, ಜಿಡ್ಡಿಗೆ ಸ್ವಲ್ಪ ಅಸಿಟೋನ್, ಕಿಟಕಿ ತೆಗೆದಿಟ್ಟು, ಬೆಂಕಿಯಿಂದ ದೂರ.