ಸುಕ್ರಿ, ತುಕ್ರ, ಕೋಫಿ: ವಾರದ ಹೆಸರುಗಳ ಬಗ್ಗೆ

ಗೆಳೆಯರಿಗೆ ನಮಸ್ಕಾರ.

ಹುಟ್ಟಿದ ವಾರವನ್ನೇ ಹೆಸರಾಗಿ ಇಡುವ ರೂಢಿ ನಿಮ್ಮೂರ ಕಡೆ ಇದೆಯೇ? ಯಾವ ವಾರಕ್ಕೆ ಯಾವ ಹೆಸರು? ಅಂಕೋಲೆ, ಕುಮಟೆ ಕಡೆಯವರು, ಅದರಲ್ಲೂ ಹಾಲಕ್ಕಿ ಒಕ್ಕಲಿಗರ ಕೊಪ್ಪದ (ಅವರ ಕೇರಿಯ) ಮಾತು ಬಲ್ಲವರು ತಿಳಿಸಿದರೆ ಉಪಕಾರ.

ಕೇಳಲು ಕಾರಣವಿದೆ. ನಮ್ಮ ಮನೆಯಲ್ಲಿ ತೊಟ್ಟಿಲು ಹಾಕುವುದಿದೆ. ಮಗುವಿನ ಅಪ್ಪ ಅಮ್ಮ ಮೊಬೈಲಿನಲ್ಲಿ ಹೆಸರಿನ ಪಟ್ಟಿ ತೆಗೆದು ಕೂತಿದ್ದಾರೆ. ಆರವ್ ಅಂದ್ರೆ ಶಾಂತ ಅಂತ ಅದರಲ್ಲಿದೆ. ಸಂಸ್ಕೃತದಲ್ಲಿ ಆರವ ಎಂದರೆ ಸದ್ದು, ಕೂಗು. ಸದ್ದಿಲ್ಲದ್ದು ನೀರವ. ಹಸುಗೂಸಿಗೆ ಆರವವೇ ಹೊಂದುತ್ತದೆ ಬಿಡಿ. ಸುಮ್ನೆ 'ಸುಕ್ರಿ' ಅಂತ ಹುಡುಕಿಸಿದೆ. ಅರಬ್ಬಿ ಹೆಸರು, ಉಪಕಾರ ನೆನೆಯುವವನು ಅಂತ ಬಂತು. ಅದೂ ಸುಳ್ಳಲ್ಲ. ಅರಬ್ಬಿಯ ಶುಕ್ರ್‌ನಿಂದ ಶುಕ್ರಿ, ಅದೇ ಬೇರಿನಿಂದ ನಾವು ಹೇಳುವ ಶುಕ್ರಿಯಾ. ಮಲೇಶಿಯಾದಲ್ಲಿ ಸುಕ್ರಿ ಗಂಡಸರ ಹೆಸರು. ಆದರೆ ಅಂಕೋಲೆಯ ಬಡಗೇರಿಯ ಹಾಲಕ್ಕಿ ಹಾಡುಗಾರ್ತಿ, 2017ರಲ್ಲಿ ಪದ್ಮಶ್ರೀ ಪಡೆದ ಸುಕ್ರಿ ಬೊಮ್ಮಗೌಡರ ಹೆಸರಿಗೆ ಅರಬ್ಬಿಯ ನಂಟು ಹಚ್ಚಲಾಗದು. ನಮ್ಮ ಕಡೆ ಸುಕ್ರಿ ಅಂದರೆ ಶುಕ್ರವಾರದ್ದು.

ತೆಂಕಣ ತುಳುನಾಡಿನಲ್ಲಿ ಈ ಸಾಲು ಪೂರ್ತಿ ಸಿಗುತ್ತದೆ. ಐತ, ತೋಮ, ಅಂಗಾರ, ಬೂದ, ಗುರುವ, ತುಕ್ರ, ಚನಿಯ. ಐತಾರದಿಂದ ಶನಿವಾರದ ತನಕ ಒಂದೂ ಬಿಟ್ಟಿಲ್ಲ. ಸೋಮ ತೋಮ ಆದ ಹಾಗೇ ಸುಕ್ರ ತುಕ್ರ ಆಗಿದೆ. ನಮ್ಮಲ್ಲಿ ಸೋಮ, ಮಂಗಳಿ, ಸುಕ್ರು, ಸುಕ್ರಿ ಕಿವಿಗೆ ಬೀಳುತ್ತವೆ. ಗುರುವಾರ, ಶನಿವಾರಕ್ಕೆ ಏನು? ಶನಿಯ ಹೆಸರಿಡಲು ಹೆದರಿದರೋ? ಹಾಗಾದರೆ ತುಳುವರು ಚನಿಯ ಅಂತ ಇಟ್ಟರಲ್ಲ!

ಜೋಯಿಸರು ಬರುವ ಮನೆಗಳಲ್ಲಿ ಲೆಕ್ಕ ಬೇರೆ. ಅಲ್ಲಿ ನಕ್ಷತ್ರ, ಪಾದ ನೋಡಿ ಅಕ್ಷರ ಕೊಡುತ್ತಾರೆ. ಅಶ್ವಿನಿಗೆ ಚು, ಚೆ, ಚೊ, ಲ. 27 ನಕ್ಷತ್ರಕ್ಕೆ ನಾಲ್ಕು ನಾಲ್ಕರಂತೆ 108 ಅಕ್ಷರ. ಪಂಚಾಂಗ ಇಲ್ಲದ ಮನೆಗೂ ಇವತ್ತು ಯಾವ ವಾರ ಅಂತ ಗೊತ್ತಿರುತ್ತದೆ, ಅಲ್ವಾ? ಸಂತೆ ಇದೆಯಲ್ಲ. ಹಾಗಾಗಿ ವಾರದ ಹೆಸರು ದುಡಿಯುವವರ ಕೇರಿಗಳಲ್ಲೇ ಜಾಸ್ತಿ ಅಂತ ನನ್ನ ಊಹೆ.

ಹೊರನಾಡಿನಲ್ಲೂ ಇದೇ ಕತೆ. ಘಾನಾದ ಅಕಾನ್ ಜನರಲ್ಲಿ ಶುಕ್ರವಾರದ ಗಂಡು ಕೋಫಿ, ಹೆಣ್ಣು ಅಫುವಾ. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್ ಹುಟ್ಟಿದ್ದು 1938ರ ಏಪ್ರಿಲ್ 8, ಶುಕ್ರವಾರ. ಅಂಕೋಲೆಯಲ್ಲಿ ಹುಟ್ಟಿದ್ದರೆ ಅವರು ಸುಕ್ರು ಗೌಡ! ನೈಜೀರಿಯಾದ ಇಗ್ಬೋ ಜನರ ವಾರಕ್ಕೆ ನಾಲ್ಕೇ ದಿನ, ನಾಲ್ಕೂ ಸಂತೆಯ ದಿನ. ಎನ್ಕ್ವೊ ಸಂತೆಯ ದಿನ ಹುಟ್ಟಿದವನು ಒಕೊಂಕ್ವೊ. ಗ್ರೀಕರಲ್ಲಿ ಪರಸ್ಕೆವಿ, ಕಿರಿಯಾಕಿ ಎಂಬ ಹೆಂಗಸರಿದ್ದಾರೆ, ಶುಕ್ರವಾರ ಮತ್ತು ಭಾನುವಾರ. ಕೊಂಕಣಿ ಕ್ರೈಸ್ತರ ದುಮಿಂಗ್ ಕೂಡ ಹೀಗೇ. ಪೋರ್ಚುಗೀಸರ ದೊಮಿಂಗೋಸ್ ಅದರ ಮೂಲ, ಅವರಿಗೆ ದೊಮಿಂಗೊ ಅಂದರೆ ಭಾನುವಾರ. ಆದರೆ ಅದು ಸಂತರೊಬ್ಬರ ಹೆಸರೂ ಹೌದು. ದುಮಿಂಗಪ್ಪ ಸಿಕ್ಕಿದರೆ ವಾರ ಕೇಳಿಯೇ ನೋಡಬೇಕು.

ಈಗ ನನ್ನನ್ನು ಕಾಡುತ್ತಿರುವ ಹೆಸರು ಬೆಳ್ಳಿ. ತಮಿಳಿನಲ್ಲಿ ವೆಳ್ಳಿ ಅಂದರೆ ಲೋಹವೂ ಹೌದು, ಶುಕ್ರಗ್ರಹವೂ ಹೌದು, ಶುಕ್ರವಾರವೂ ಹೌದು. ಕನ್ನಡದಲ್ಲಿ ಲೋಹ ಇದೆ, ಬೆಳ್ಳಿಚುಕ್ಕಿಯಲ್ಲಿ ಗ್ರಹವೂ ಇದೆ, ವಾರ ಮಾತ್ರ ಸಂಸ್ಕೃತದ್ದು. ಹಾಗಿದ್ದರೆ ಬೆಳ್ಳಿ, ಬೆಳ್ಳಕ್ಕ, ಬೆಳ್ಳಯ್ಯ ಎಂಬ ಹೆಸರುಗಳು ಬಣ್ಣದಿಂದ ಬಂದವೇ, ಬೆಳ್ಳಿಯಿಂದ ಬಂದವೇ, ಇಲ್ಲಾ ಶುಕ್ರವಾರದ ಹಳೆಯ ಕನ್ನಡ ಹೆಸರುಗಳೇ? ನಿಮ್ಮ ಮನೆಯ ಹಿರಿಯರಲ್ಲಿ ಒಬ್ಬ ಬೆಳ್ಳಕ್ಕ ಇದ್ದು, ಅವರು ಹುಟ್ಟಿದ ವಾರ ಯಾರಿಗಾದರೂ ನೆನಪಿದ್ದರೆ ಬರೆಯಿರಿ. ಸುಕ್ರಿಯೂ ಬೆಳ್ಳಿಯೂ ಒಂದೇ ಮನೆಯಲ್ಲಿ ಇದ್ದದ್ದುಂಟೇ, ಅದನ್ನೂ ತಿಳಿಸಿ.